ಏನಪ್ಪಾ ನಿನ್ನ ಕಥೆ?

ಮೊನ್ನೆ ಹಳೆಯ ಗೆಳೆಯನೊಬ್ಬ ಸಿಕ್ಕಿದ. ನಾಲ್ಕು ವರ್ಷದ ಮೇಲೆ. "ಏನಪ್ಪಾ ನಿನ್ನ ಕಥೆ?" ಅಂತ ಕೇಳಿದೆ. "ಎಲ್ಲಾ ಹಾಕ್ತಾನೇ ಇರ್ತೀನಲ್ಲೋ, ನೋಡಿಲ್ವಾ?" ಅಂದ. ನೋಡಿದ್ದೆ. ಲೈಕ್ ಕೂಡ ಒತ್ತಿದ್ದೆ. ಹಾಗಾಗಿ ಮುಂದೆ ಏನು ಕೇಳಬೇಕೋ ತಿಳಿಯಲಿಲ್ಲ.

ಬ್ರ್ಯಾಂಡ್‌ಗಳ ಹೆಸರು ನಮ್ಮ ಮಾತಿಗೆ ನುಗ್ಗಿ ಭಾಷೆ ಕೆಟ್ಟುಹೋಯ್ತು ಅಂತ ಕೆಲವರು ಗೋಳಾಡುತ್ತಾರೆ. ನನಗೆ ಆ ಚಿಂತೆ ಇಲ್ಲ. ಕನ್ನಡ ಯಾವ ಹೆಸರು ಬಂದರೂ ಪಕ್ಕಕ್ಕೊಂದು 'ಮಾಡು' ಸೇರಿಸಿ ತನ್ನದಾಗಿಸಿಕೊಳ್ಳುತ್ತದೆ. ಗೂಗಲ್ ಮಾಡು, ವಾಟ್ಸಾಪ್ ಮಾಡು, ಜೆರಾಕ್ಸ್ ಮಾಡಿಸು. ಯಾವ ಕಂಪನಿಯ ಯಂತ್ರದಲ್ಲಿ ಪ್ರತಿ ತೆಗೆದರೂ ನಮಗದು ಜೆರಾಕ್ಸೇ.

ತಮಾಷೆ ಅಂದರೆ, ಇದರಿಂದ ಹೆದರುವುದು ಕಂಪನಿಗಳು. ಹೆಸರು ಎಲ್ಲರ ಬಾಯಲ್ಲಿ ಸಾಮಾನ್ಯ ಪದವಾದರೆ ಅದರ ಮೇಲಿನ ಕಾನೂನಿನ ಹಕ್ಕೇ ಹೋಗಬಹುದು. 'ಎಸ್ಕಲೇಟರ್' ಓಟಿಸ್ ಕಂಪನಿಯ ಟ್ರೇಡ್‌ಮಾರ್ಕ್ ಆಗಿತ್ತು. ಅಮೆರಿಕದಲ್ಲಿ 1950ರಲ್ಲಿ ಆ ಹಕ್ಕು ಕೈತಪ್ಪಿತು. ಅಲ್ಲೇ 'ಆಸ್ಪಿರಿನ್' ಅದಕ್ಕೂ ಮೊದಲೇ, 1921ರಲ್ಲಿ, ಔಷಧ ಕಂಪನಿ ಬಾಯರ್‌ನ ಕೈತಪ್ಪಿತ್ತು. ಅದಕ್ಕೇ ಜೆರಾಕ್ಸ್ ಕಂಪನಿ ತನ್ನ ಹೆಸರನ್ನು ಕ್ರಿಯಾಪದದ ಹಾಗೆ ಬಳಸಬೇಡಿ ಅಂತ ಜಾಹೀರಾತು ಕೊಟ್ಟಿತು. 2006ರಲ್ಲಿ 'ಗೂಗಲ್' ಕ್ರಿಯಾಪದವಾಗಿ ಇಂಗ್ಲಿಷ್ ನಿಘಂಟು ಸೇರಿದಾಗ ಗೂಗಲ್ ಕೂಡ ಹೆಚ್ಚುಕಮ್ಮಿ ಅದೇ ರಾಗ ಹಾಡಿತು.

ಸರಿ, ಅವರ ಪದ ನಾವು ತೆಗೆದುಕೊಂಡರೆ ತಕರಾರು. ನಮ್ಮ ಪದ ಅವರು ತೆಗೆದುಕೊಂಡರೆ?

ಸ್ನೇಹಿತ ಅನ್ನುವ ಪದವನ್ನೇ ನೋಡಿ. ಈಗ ಅದು ಫೇಸ್‌ಬುಕ್‌ನಲ್ಲಿ ಒಂದು ಪಟ್ಟಿ. ಆ ಪಟ್ಟಿಯಿಂದ ತೆಗೆದುಹಾಕುವುದಕ್ಕೆ ಬಳಸುವ 'ಅನ್‌ಫ್ರೆಂಡ್' 2009ರಲ್ಲಿ ಅಮೆರಿಕದ ಆಕ್ಸ್‌ಫರ್ಡ್ ನಿಘಂಟಿನವರ ವರ್ಷದ ಪದವೂ ಆಯ್ತು. ಚಿಕ್ಕವರಿದ್ದಾಗ ನಾವೂ ಠೂ ಬಿಡುತ್ತಿದ್ದೆವು ಬಿಡಿ. ಆದರೆ ಠೂ ಬಿಡೋಕೆ ಎದುರಿಗೆ ಹೋಗಿ ನಿಲ್ಲಬೇಕಿತ್ತು. ಈಗ ಬಿಟ್ಟವರು ಯಾರು ಅಂತ ಗೊತ್ತಾಗುವುದೇ ಆರು ತಿಂಗಳ ಮೇಲೆ.

ಲೈಕ್ ಬಟನ್ ಫೇಸ್‌ಬುಕ್‌ಗೆ ಬಂದದ್ದು 2009ರಲ್ಲಿ. ಮುಂದಿನ ಏಳು ವರ್ಷ ಅಳುವ ಮುಖ ಇರಲಿಲ್ಲ. ಸಾವಿನ ಸುದ್ದಿಗೂ ಹೆಬ್ಬೆರಳೇ. "ಅಪ್ಪ ಹೋದರು" ಅಂತ ಬರೆದವರ ಕೆಳಗೆ ನಾನೂ ಒತ್ತಿದ್ದೇನೆ. ಇಷ್ಟವಾಯ್ತು ಅಂತಲ್ಲ, ಓದಿದೆ ಅಂತ. ಅದು ಅವರಿಗೂ ಗೊತ್ತಿತ್ತು. ಒಂದು ಪದದ ಅರ್ಥ ಸವೆಯುವುದು ಹೀಗೇ, ಇಬ್ಬರೂ ಸುಮ್ನೆ ಒಪ್ಪಿಕೊಂಡು. 2016ರಲ್ಲಿ ಅಳುವ ಮುಖ ಬಂತು. ನಾವು ದುಃಖವನ್ನೂ ಒತ್ತಲು ಕಲಿತೆವು.

ಇನ್ನು 'ಕುಟುಂಬ'. ಯಾವುದೋ ಆ್ಯಪ್ ಹಾಕಿಕೊಂಡರೆ "ನಮ್ಮ ಕುಟುಂಬಕ್ಕೆ ಸ್ವಾಗತ" ಅನ್ನುತ್ತದೆ. ತೆಗೆಯಲು ಹೋದರೆ "ನೀವು ಹೋಗುತ್ತಿರುವುದು ನಮಗೆ ಬೇಸರ" ಅನ್ನುತ್ತದೆ. ನನಗಂತೂ ಹಳೆಯ 'ಪ್ರಿಯ ಗ್ರಾಹಕರೇ' ಜಾಸ್ತಿ ಇಷ್ಟ. ಅದರಲ್ಲಿ ಪ್ರೀತಿ ಸುಳ್ಳಾದರೂ ಗ್ರಾಹಕ ಅನ್ನುವುದು ನಿಜ.

ನನಗೆ ಜಾಸ್ತಿ ಹೊಟ್ಟೆ ಉರಿಯುವುದು 'ಕಥೆ'ಗೆ. ಸ್ನ್ಯಾಪ್‌ಚಾಟ್ 2013ರಲ್ಲಿ 'ಸ್ಟೋರಿ' ತಂದಿತು, 2016ರಲ್ಲಿ ಇನ್‌ಸ್ಟಾಗ್ರಾಂ ಹಿಂಬಾಲಿಸಿತು. ಅದರಲ್ಲಿ ಹಾಕಿದ ಫೋಟೊ, ವಿಡಿಯೊ 24 ಗಂಟೆ ಇದ್ದು ಮಾಯವಾಗುತ್ತದೆ. ಕಥೆ ಅಂದರೆ ಹೇಳುವವರೂ ಹೂಂಗುಟ್ಟುವವರೂ ಇರಬೇಕು ಅಲ್ವಾ? ಇಲ್ಲಿ ಹೂಂಗುಟ್ಟುವವರಿಲ್ಲ. ಯಾರ್‍ಯಾರು ನೋಡಿದರು ಅನ್ನುವ ಪಟ್ಟಿ ಇದೆ. ಇದಕ್ಕೆಲ್ಲ ನೋಟಿಸ್ ಕಳಿಸೋಣ ಅಂದರೆ, ಕಥೆ ಅನ್ನುವ ಪದಕ್ಕೆ ಮಾಲೀಕರು ಯಾರು?

ಅವತ್ತು ಗೆಳೆಯನ ಜೊತೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ. ಆಮೇಲೆ "ಅದನ್ನೆಲ್ಲ ನೋಡಿದೆ ಕಣೋ, ಈಗ ನೀನು ಹೇಳು" ಅಂದೆ. ಅವನು ಆಚೀಚೆ ನೋಡಿದ. "ಕೆಲಸ ಹೋಗಿ ಮೂರು ತಿಂಗಳಾಯ್ತು" ಅಂದ.