40 ಗಂಟೆ ಮತ್ತು ಮುಯ್ಯಾಳು

ನಾವಿರುವುದು ಕೆನಡಾದ ಬ್ರಾಂಪ್ಟನ್‌ನಲ್ಲಿ, ಟೊರೊಂಟೊ ಪಕ್ಕ. ಮಗಳು ಈಗ ಹನ್ನೊಂದನೇ ತರಗತಿ. ಇಲ್ಲಿ ಒಂಟಾರಿಯೊ ಪ್ರಾಂತ್ಯದಲ್ಲಿ ಹೈಸ್ಕೂಲ್ ಡಿಪ್ಲೊಮಾ ಸಿಗಬೇಕಾದರೆ 30 ಕ್ರೆಡಿಟ್ ಪಾಸಾದರೆ ಸಾಲದು. 40 ಗಂಟೆ ಸಮುದಾಯದ ಕೆಲಸವನ್ನೂ ಮಾಡಿರಬೇಕು. ಅದಕ್ಕೆ ಸಂಬಳ ತೆಗೆದುಕೊಳ್ಳುವ ಹಾಗಿಲ್ಲ. ಕ್ಲಾಸಿನ ಹೊತ್ತಿನಲ್ಲಿ ಮಾಡುವ ಹಾಗಿಲ್ಲ. ಸ್ವಂತ ಮನೆಯ ಕೆಲಸ ಲೆಕ್ಕಕ್ಕೆ ಬರುವುದಿಲ್ಲ. ಒಂಬತ್ತನೇ ತರಗತಿ ಸೇರುವ ಮುಂಚಿನ ಬೇಸಿಗೆ ರಜೆಯಿಂದಲೇ ಶುರು ಮಾಡಬಹುದು. ಪ್ರತಿ ಕೆಲಸಕ್ಕೂ ಅಲ್ಲಿನ ಮೇಲ್ವಿಚಾರಕರ ಸಹಿ ಬೇಕು.

ಹತ್ತನೇ ತರಗತಿ ಮುಗಿದಾಗ ನಮ್ಮವಳ ಫಾರಂನಲ್ಲಿ ಇದ್ದದ್ದು ಆರೇ ಗಂಟೆ. ಕೇಳಿದರೆ "ಟೈಮೇ ಇಲ್ಲಮ್ಮ" ಅಂದಳು. ಸುಳ್ಳಲ್ಲ. ಬೆಳಿಗ್ಗೆ ಸ್ಕೂಲ್ ಬಸ್ಸು, ಸಂಜೆ ಹೋಂವರ್ಕು, ಶುಕ್ರವಾರ ಅಂಗಡಿಯಲ್ಲಿ ಪಾರ್ಟ್ ಟೈಂ ಕೆಲಸ, ಭಾನುವಾರ ಸಂಗೀತ. ಚಳಿಗಾಲದಲ್ಲಿ ಐದು ಗಂಟೆಗೇ ಕತ್ತಲು. ನಾನು, "ನಿನ್ನ ವಯಸ್ಸಿನಲ್ಲಿ ನಾವು ಊರಿನ ಎಲ್ಲ ಕೆಲಸಕ್ಕೂ ಹೋಗುತ್ತಿದ್ದೆವು" ಎಂದೆ. ಅವಳು ಕೇಳಿದಳು: "ನಿಂಗೆ ಯಾರು ಸೈನ್ ಹಾಕ್ತಿದ್ರು?"

ಈ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ.

ನಮ್ಮೂರು ತಿಪಟೂರಿನ ಕಡೆ. ನಮ್ಮಲ್ಲಿ ಮುಯ್ಯಾಳು ಅಂತ ಇತ್ತು. ಇವತ್ತು ನಿಮ್ಮ ರಾಗಿ ಹೊಲಕ್ಕೆ ನಾವು ಬರುತ್ತೇವೆ, ನಾಳೆ ನಮ್ಮ ಹೊಲಕ್ಕೆ ನೀವು ಬನ್ನಿ. ಕೂಲಿ ಇಲ್ಲ, ಆಳಿಗೆ ಆಳು. ಮಕ್ಕಳಿಗೂ ಅವರವರ ಕೈಗೆ ತಕ್ಕ ಕೆಲಸ ಇರುತ್ತಿತ್ತು. ಮದುವೆಮನೆಯಲ್ಲಿ ಮೊದಲು ಉಪ್ಪು, ನೀರು ಬಡಿಸಬೇಕು. ಎರಡು ವರ್ಷ ಕಳೆದ ಮೇಲೆ ಪಲ್ಯ. ಸಾರಿನ ಬಕೆಟ್ ಕೈಗೆ ಬಂತು ಅಂದರೆ ದೊಡ್ಡವರಾದ ಹಾಗೆ. ರಾಮನವಮಿಗೆ ಬೆಲ್ಲ ಕುಟ್ಟಿ ಪಾನಕ ಕದಡುವುದು ನಮ್ಮದೇ ಕೆಲಸ. ಯಾರೂ ಗಂಟೆ ಬರೆದಿಡಲಿಲ್ಲ. "ಬಾರೇ ಇಲ್ಲಿ, ಸ್ವಲ್ಪ ಕೈ ಹಾಕು" ಅಂದರೆ ಹೋಗಬೇಕು, ಅಷ್ಟೇ.

ಇದನ್ನು ಹೇಳುವಾಗ ಹೊರನಾಡಿನಲ್ಲಿರುವ ನಮ್ಮಂಥವರಿಗೆ ಗಂಟಲು ಕಟ್ಟುತ್ತದೆ. ನನಗೂ ಕಟ್ಟುತ್ತದೆ. ಆದರೆ ಪೂರ್ತಿ ಹೇಳಬೇಕು ಅಲ್ವಾ? ಆ ಪಂಕ್ತಿಯಲ್ಲಿ ಬಡಿಸಲು ಎಲ್ಲ ಮಕ್ಕಳನ್ನೂ ಕರೆಯುತ್ತಿರಲಿಲ್ಲ. ಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ನಮ್ಮ ಬೀದಿಯ ಮದುವೆಗೆ ಬಂದರೆ ಚಪ್ಪರದ ಹೊರಗೆ ನಿಲ್ಲುತ್ತಿದ್ದಳು. ನಮ್ಮ ಸಹಾಯ ಜಾತಿಯ ಗೆರೆ ದಾಟಿ ಹೋಗುತ್ತಿರಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಅಣ್ಣನಿಗೆ "ಓದಿಕೋ ಹೋಗು" ಅನ್ನುತ್ತಿದ್ದರು. ನನಗೆ ಹಾಗೆ ಅಂದವರು ಕಡಿಮೆ. ಲೆಕ್ಕ ಇಡದ ಕಡೆ ಯಾರು ಜಾಸ್ತಿ ದುಡಿದರು ಅನ್ನುವುದೂ ಕಾಣುವುದಿಲ್ಲ.

ನನಗೆ ಗೆರೆ ದಾಟಿಸಿದ್ದು ಲೆಕ್ಕ ಇಡುವ ವ್ಯವಸ್ಥೆಯೇ. ಡಿಗ್ರಿಯಲ್ಲಿ ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ಸೇರಿದೆ. 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, ಸರ್ಕಾರ ಶುರು ಮಾಡಿದ ಯೋಜನೆ ಅದು. ಎರಡು ವರ್ಷದಲ್ಲಿ 240 ಗಂಟೆ ಕೆಲಸ, ಜೊತೆಗೆ ಏಳು ದಿನದ ಶಿಬಿರ. "ನನಗಲ್ಲ, ನಿನಗೆ" ಅನ್ನುವುದು ಅದರ ಮಾತು. ಶಿಬಿರದ ಹಳ್ಳಿಯಲ್ಲಿ ಹಗಲೆಲ್ಲ ಚರಂಡಿ ತೋಡಿದೆವು. ಯಾವ ಯಾವ ಕೇರಿಯಿಂದಲೋ ಬಂದಿದ್ದ ಹುಡುಗಿಯರೆಲ್ಲ ರಾತ್ರಿ ಒಂದೇ ಒಲೆಯ ಮುಂದೆ ಮುದ್ದೆ ಕಟ್ಟಿ, ಒಬ್ಬರಿಗೊಬ್ಬರು ಬಡಿಸಿಕೊಂಡು ಉಂಡೆವು. ನನ್ನ ಪಾಲಿಗೆ ಅದು ಮೊದಲನೆಯ ಸಲ. ಹಾಜರಿ ಪುಸ್ತಕದಲ್ಲಿ ಹೆಸರುಗಳು ರೋಲ್ ನಂಬರಿನ ಪ್ರಕಾರ ಇದ್ದವು. ಊಟದ ಪಾಳಿ, ಗುದ್ದಲಿಯ ಪಾಳಿ ಎಲ್ಲ ಅದೇ ಪಟ್ಟಿಯಿಂದ. ಊರು ಮಾಡದ ಕೆಲಸವನ್ನು ಆ ಪಟ್ಟಿ ಮಾಡಿತು.

ಹಾಗಾಗಿ ಒಂಟಾರಿಯೊದ 40 ಗಂಟೆಯನ್ನು "ಬಲವಂತದ ಸೇವೆ" ಎಂದು ಬದಿಗೆ ತಳ್ಳುವವರ ಜೊತೆ ನಾನಿಲ್ಲ. ಇಲ್ಲದವರಿಗೆ ಪುಕ್ಕಟೆ ದಿನಸಿ ಕೊಡುವ ಫುಡ್ ಬ್ಯಾಂಕಿನ ಗೋಡೌನಿನಲ್ಲಿ ಮಗಳು ಡಬ್ಬಿಗಳನ್ನು ವಿಂಗಡಿಸಿದಳು. ತಾರೀಕು ಮೀರಿದ್ದು ಒಂದು ಕಡೆ, ನಜ್ಜಾಗಿದ್ದು ಒಂದು ಕಡೆ, ಬೇಳೆಕಾಳು ಒಂದು ಕಡೆ. ಅವಳ ಎದುರಿಗೆ ಸೊಮಾಲಿಯಾ ಮೂಲದ ಹುಡುಗ, ಪಕ್ಕದಲ್ಲಿ ಪಂಜಾಬಿ ಹುಡುಗಿ. ನೀನು ಯಾರ ಮಗಳು ಎಂದು ಯಾರೂ ಕೇಳಲಿಲ್ಲ. ಇದು ಸಣ್ಣ ವಿಷಯ ಅಲ್ಲ.

ಆದರೆ ಆ ಬೇಳೆಕಾಳು ಯಾರ ಮನೆಗೆ ಹೋಯಿತು ಅಂತ ಅವಳಿಗೆ ಗೊತ್ತಾಗಲಿಲ್ಲ. ಸಹಿ ಹಾಕಿಸಿಕೊಂಡು ಬಂದಳು, ಅಲ್ಲಿಗೆ ಮುಗಿಯಿತು.

ಅದೇ ವಾರ ಅಣ್ಣ ಫೋನ್ ಮಾಡಿದ್ದ. ಅವನ ಮಗ ಒಂಬತ್ತನೇ ಕ್ಲಾಸು. ಕಣ್ಣು ಕಾಣದ ಒಬ್ಬ ಹುಡುಗನಿಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆದುಕೊಡಲು ಹೋಗಿದ್ದನಂತೆ. ಬರೆದುಕೊಡುವವನು ಕೆಳಗಿನ ತರಗತಿಯವನೇ ಆಗಿರಬೇಕು, ಅದಕ್ಕೆ ಇವನನ್ನು ಕೇಳಿದ್ದರು. ಮುಂಚೆ ನಾಲ್ಕು ಸಂಜೆ ಇಬ್ಬರೂ ಕೂತು ಅಭ್ಯಾಸ ಮಾಡಿದರು. ಪ್ರಶ್ನೆ ಎಷ್ಟು ನಿಧಾನ ಓದಬೇಕು, ಅವನು ಹೇಳಿದ ಲೆಕ್ಕದಲ್ಲಿ ಬ್ರಾಕೆಟ್ ಎಲ್ಲಿ ಮುಗಿಯುತ್ತದೆ, ತಪ್ಪು ಅಂತ ಗೊತ್ತಿದ್ದರೂ ಹೇಳಿದ್ದನ್ನೇ ಬರೆಯಬೇಕು, ಹೀಗೆ. ಅಣ್ಣನ ಮಗನ ಕೈಗೆ ಗಂಟೆಯ ಫಾರಂ ಬರಲಿಲ್ಲ. ಆದರೆ ರಿಸಲ್ಟ್ ದಿನ ಆ ಹುಡುಗ ಮೊದಲು ಫೋನ್ ಮಾಡಿದ್ದು ಇವನಿಗೆ.

ನಮ್ಮ ಮಕ್ಕಳಿಗೆ ಇಲ್ಲಿ ಸಿಗದೆ ಹೋಗುತ್ತಿರುವುದು ಇದೇ. ಒಬ್ಬ ಮನುಷ್ಯ ಕಾಯುತ್ತಿರುತ್ತಾನೆ, ನಾನು ಹೋಗದಿದ್ದರೆ ಅವನ ಕೆಲಸ ನಿಲ್ಲುತ್ತದೆ ಅನ್ನುವ ಅರಿವು. ಮೂರು ಗಂಟೆ ಇಲ್ಲಿ, ಎರಡು ಗಂಟೆ ಅಲ್ಲಿ, ಒಂದು ಮ್ಯಾರಥಾನಿನಲ್ಲಿ ನೀರಿನ ಲೋಟ ಹಿಡಿದು ನಿಂತದ್ದು. ಹೀಗೆ ಚೂರು ಚೂರಾಗಿ ಸೇರಿಸಿದರೆ ಫಾರಂ ತುಂಬುತ್ತದೆ, ಆದರೆ ಒಂದು ಮುಖವೂ ನೆನಪಿನಲ್ಲಿ ಉಳಿಯುವುದಿಲ್ಲ. ಇನ್ನೂ ಬೇಸರದ ವಿಷಯ, ಒಬ್ಬರು ಪರಿಚಯದವರು ತಮ್ಮ ಮಗನಿಗೆ ಮಾಡದ 15 ಗಂಟೆಗೆ ಸಹಿ ಹಾಕಿಕೊಡಿ ಎಂದು ನನ್ನನ್ನೇ ಕೇಳಿದರು. ಆಗುವುದಿಲ್ಲ ಎಂದೆ. ಹುಡುಗ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ನನಗೆ ನೋವಾದದ್ದು ಅದಕ್ಕೆ.

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 75 ಗಂಟೆ ಬೇಕು. ಅಲ್ಲಿ ಬರೀ ಕೆಲಸ ಮಾಡಿದರೆ ಆಗುವುದಿಲ್ಲ. ಮೊದಲು ತಯಾರಿ, ಆಮೇಲೆ ಕೆಲಸ, ಕೊನೆಗೆ ಮಾಡಿದ್ದರ ಬಗ್ಗೆ ಯೋಚಿಸಿ ಬರೆಯುವುದು ಅಥವಾ ಮಾತಾಡುವುದು. ಈ ಮೂರನೆಯದು ನನಗೆ ತುಂಬ ಇಷ್ಟವಾಯಿತು. ಅಣ್ಣನ ಮಗನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮವಳ ಹತ್ತಿರ ಮಾತ್ರ ನಾವೇ ಕೂತು ಕೇಳಬೇಕು.

ಬಿಡುವಿಲ್ಲದ ಮಗುವಿಗೆ ನಾನು ಹೇಳುವುದು ಇಷ್ಟು. ನಡೆದು ಹೋಗುವಷ್ಟು ಹತ್ತಿರದ ಒಂದೇ ಜಾಗ ಹಿಡಿ. ವಾರಕ್ಕೆ ಎರಡು ಗಂಟೆ ಹೋದರೆ 20 ವಾರಕ್ಕೆ 40 ಗಂಟೆ. ಪರೀಕ್ಷೆಯ ವಾರ ಬರುವುದಿಲ್ಲ ಎಂದು ಮೊದಲೇ ಹೇಳಿಬಿಡು, ಅದರಲ್ಲಿ ನಾಚಿಕೆ ಏನಿಲ್ಲ. ಹೇಳದೆ ತಪ್ಪಿಸಿಕೊಳ್ಳಬೇಡ. ಎಂಟು ಕಡೆ ಹೆಸರು ಕೊಡಬೇಡ. ಅಪ್ಪ ಅಮ್ಮ ಕಾರಿನಲ್ಲಿ ಊರೆಲ್ಲ ಸುತ್ತಿಸುವಂಥ ಸೇವೆ ಯಾರಿಗೂ ಜಾಸ್ತಿ ದಿನ ಬಾಳಿಕೆ ಬರುವುದಿಲ್ಲ.

ಇನ್ನೊಂದು ಮಾತು ನಮ್ಮ ಕನ್ನಡದ ಮನೆಗಳಿಗೆ. ಎಷ್ಟು ಮನೆಗಳಲ್ಲಿ ಊರಿನಿಂದ ಬಂದ ಅಪ್ಪ ಅಮ್ಮ, ಹೆತ್ತವರು ಬಹಳ ದಿನ ಉಳಿಯಲು ಕೆನಡಾ ಕೊಡುವ ಸೂಪರ್ ವೀಸಾದಲ್ಲಿ, ಉಳಿದಿದ್ದಾರೆ! ಹಿಮ ಬಿತ್ತು ಅಂದರೆ ನಾಲ್ಕು ತಿಂಗಳು ಕಿಟಕಿಯೇ ಅವರ ಜಗಲಿ. ನಾವು ಕೆಲಸಕ್ಕೆ, ಮಕ್ಕಳು ಸ್ಕೂಲಿಗೆ. ಸ್ವಂತ ಅಜ್ಜಿಯನ್ನು ನೋಡಿಕೊಂಡರೆ 40 ಗಂಟೆಯ ಲೆಕ್ಕಕ್ಕೆ ಬರುವುದಿಲ್ಲ. ಸರಿಯಾದ ನಿಯಮವೇ. ಆದರೆ ಹೊರಗಿನ ಹಿರಿಯರಿಗೆ ನೆರವಾಗುವುದು ಇಲ್ಲಿ ಒಪ್ಪುವ ಕೆಲಸಗಳಲ್ಲಿ ಒಂದು. ಹಾಗಾದರೆ ನಮ್ಮ ಮಗಳು ನಿಮ್ಮ ಮನೆಯ ಅಜ್ಜಿಗೆ, ನಿಮ್ಮ ಮಗ ನಮ್ಮ ಮನೆಯ ತಾತನಿಗೆ. ಮುಯ್ಯಾಳು ಅಂದರೆ ಇದೇ ತಾನೆ? ಮೊದಲೇ ಶಾಲೆಯಲ್ಲಿ ಕೇಳಿ ಒಪ್ಪಿಗೆ ಪಡೆಯಬೇಕು. ಕನ್ನಡ ಸಂಘಗಳು ಒಬ್ಬರನ್ನು ಮೇಲ್ವಿಚಾರಣೆಗೆ ಇಟ್ಟು, ನಡೆದ ಗಂಟೆಗೆ ಮಾತ್ರ ಸಹಿ ಹಾಕಲಿ. ರಾಜ್ಯೋತ್ಸವದ ದಿನ ಕುರ್ಚಿ ಜೋಡಿಸಲು 20 ಮಕ್ಕಳನ್ನು ಕರೆಯುವುದಕ್ಕಿಂತ ಇದು ದೊಡ್ಡ ಕೆಲಸ ಎಂದು ನಾನು ನಂಬಿದ್ದೇನೆ. ಮತ್ತೆ ಒಂದು ವಿನಂತಿ: ಈ ಸಲ ಪಟ್ಟಿ ಮಾಡುವಾಗ ನಮ್ಮ ನಮ್ಮ ಜನರ ಮನೆ ಅಂತ ನೋಡಬೇಡಿ. ಯಾರೇ ಆಗಲಿ, ಹತ್ತಿರದ ಮನೆ.

ಡಿಸೆಂಬರ್‌ನಲ್ಲಿ ನಮ್ಮ ರಸ್ತೆಯಲ್ಲೇ ಎರಡು ಮನೆಯವರು ಶುರು ಮಾಡಿದ್ದೇವೆ. ಮಂಗಳವಾರ ಸಂಜೆ ಮಗಳು ನಾಲ್ಕು ಮನೆ ಆಚೆಯ ಅಜ್ಜಿಯ ಹತ್ತಿರ ಹೋಗುತ್ತಾಳೆ. ಅವರಿಗೆ ಬಸ್ ಕಾರ್ಡ್ ಒತ್ತುವುದು, ಡಾಕ್ಟರ ಫಾರಂ ತುಂಬುವುದು ಹೇಳಿಕೊಡುತ್ತಾಳೆ. ಹೋದ ವಾರ ಇಬ್ಬರೂ ಬಸ್ಸಿನಲ್ಲಿ ಲೈಬ್ರರಿಗೆ ಹೋಗಿ ಬಂದರಂತೆ. ವಾಪಸ್ ಬರುವಾಗ ಇಳಿಯುವ ಸ್ಟಾಪಿನ ಹಗ್ಗ ಎಳೆದದ್ದು ಅಜ್ಜಿಯೇ.