ಲೇಸರ್‌ನಿಂದ ಗ್ಯಾಸ್‌ಗೆ ಬೆಂಕಿ ಹತ್ತುವುದಿಲ್ಲ

“ಪೈಪ್ ಗ್ಯಾಸ್ ಚೆಕ್ ಮಾಡೋರ ಲೇಸರ್‌ನಿಂದ ಬೆಂಕಿ ಹತ್ತುತ್ತೆ, ಆದರೆ ಸಿಲಿಂಡರ್ ಲೀಕ್ ಕೂಡ ಅದರಲ್ಲೇ ಗೊತ್ತಾಗುತ್ತೆ” ಅನ್ನೋ ಮೆಸೇಜ್ ಓಡಾಡುತ್ತಿದೆ. ಎರಡೂ ತಪ್ಪು.

ಲೀಕ್ ಹುಡುಕುವ ಆ ಲೇಸರ್ ಉಪಕರಣ ಹಿಡಿದಾಗ ಗೋಡೆ ಮೇಲೆ ಕಾಣುವ ಹಸಿರು ಅಥವಾ ಕೆಂಪು ಚುಕ್ಕೆ ಬರೀ ಗುರಿ ಹಿಡಿಯೋಕೆ. ಅಳೆಯುವುದು ಕಣ್ಣಿಗೆ ಕಾಣದ ಇನ್ಫ್ರಾರೆಡ್ ಕಿರಣ, ಸಾಮಾನ್ಯವಾಗಿ 1.65 ಮೈಕ್ರಾನ್ ಆಸುಪಾಸಿನ ತರಂಗಾಂತರದ್ದು. ಪೈಪ್ ಗ್ಯಾಸ್‌ನಲ್ಲಿರುವ ಮೀಥೇನ್ ಆ ಬೆಳಕನ್ನು ಹೀರಿಕೊಳ್ಳುತ್ತದೆ. ಗೋಡೆಗೆ ಬಡಿದು ವಾಪಸ್ ಬಂದ ಬೆಳಕು ಎಷ್ಟು ಕಮ್ಮಿಯಾಗಿದೆ ಅಂತ ನೋಡಿದರೆ ಲೀಕ್ ಗೊತ್ತಾಗುತ್ತದೆ. ಕಿರಣದ ಶಕ್ತಿ ಮಿಲಿವ್ಯಾಟ್ ಲೆಕ್ಕದ್ದು, ಗ್ಯಾಸ್ ಹೊತ್ತಿಸುವಷ್ಟಲ್ಲ.

ಎರಡನೇ ಮಾತು ಜಾಸ್ತಿ ಅಪಾಯ. ಸಿಲಿಂಡರ್‌ನಲ್ಲಿ ಇರುವುದು ಪ್ರೊಪೇನ್, ಬ್ಯೂಟೇನ್ ಅಲ್ವಾ? ಮೀಥೇನ್‌ಗೆ ಅಂತ ಮಾಡಿದ ಲೇಸರ್ ಅದನ್ನು ಹಿಡಿಯುವುದಿಲ್ಲ. ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆಗೆದು, ಹೊರಗೆ ಹೋಗಿ ಗ್ಯಾಸ್ ಲೀಕ್ ಸಹಾಯವಾಣಿ 1906ಕ್ಕೆ ಫೋನ್ ಮಾಡಿ. ಆ ಮೆಸೇಜ್ ಇನ್ನು ಫಾರ್ವರ್ಡ್ ಮಾಡಬೇಡಿ.