ಏರುವುದೇ ಇಳಿಯುವುದಕ್ಕೆ

ಮ್ಯಾಪಿನ ಮೇಲೆ ಸಿಂಗಾಪುರದಿಂದ ಕೌಲಾಲಂಪುರಕ್ಕೆ ಗೆರೆ ಎಳೆದರೆ ಸುಮಾರು 300 ಕಿಲೋಮೀಟರ್. ವಿಮಾನಕ್ಕೆ ಇದೊಂದು ದೂರವೇ ಅಲ್ಲ. ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ ಅಂತ ಇರುತ್ತದೆ. ಅದರಲ್ಲಿ ಗಾಳಿಯಲ್ಲಿರುವುದು ಹೆಚ್ಚೂಕಡಿಮೆ ಮುಕ್ಕಾಲು ಗಂಟೆ, ಉಳಿದದ್ದು ನೆಲದ ಮೇಲಿನ ಉರುಳಾಟ. ಒಂದು ಗೇಟು ಬಿಟ್ಟು ಇನ್ನೊಂದು ಗೇಟು ಸೇರುವ ತನಕದ್ದೆಲ್ಲ ಲೆಕ್ಕಕ್ಕೆ ಬರುತ್ತದೆ. ರನ್‌ವೇ ಮುಂದೆ ಸಾಲಿನಲ್ಲಿ ನಿಂತದ್ದೂ ಸೇರಿ. ತಡವಾಗಿ ಹೊರಟ ವಿಮಾನ ಹೊತ್ತಿಗೆ ಸರಿಯಾಗಿ ತಲುಪಿ ಬೀಗುವ ಗುಟ್ಟು ಇದೇ.

ಆ ಮುಕ್ಕಾಲು ಗಂಟೆಯಲ್ಲಿ ಗಗನಸಖಿಯರ ಅವಸರ ನೋಡಬೇಕು. ಸೀಟ್‌ಬೆಲ್ಟ್ ದೀಪ ಆರಿದ್ದೇ ತಡ, ಗಾಡಿ ಹೊರಗೆ ಬರುತ್ತದೆ. ಮದುವೆಮನೆಯ ಕೊನೇ ಪಂಕ್ತಿಯಲ್ಲಿ ಸಾರು ಸುರಿದು ಓಡುವವರ ಹಾಗೆ ಜ್ಯೂಸ್ ಕೊಟ್ಟು ಮುಂದೆ ಹೋಗುತ್ತಾರೆ. ಒಂದ್ಸಲ ನನ್ನ ಪಕ್ಕದ ಯಜಮಾನರು ಕಡಲೆಬೀಜದ ಪೊಟ್ಟಣದ ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆಯುತ್ತಲೇ ಇದ್ದರು. ಅಷ್ಟರಲ್ಲಿ ಇಳಿಯುವ ಘೋಷಣೆ ಬಂತು. ಪೊಟ್ಟಣ ಜೇಬಿಗೆ ಹೋಯಿತು, ಜ್ಯೂಸ್ ಒಂದೇ ಗುಟುಕಿಗೆ ಗಂಟಲಿಗೆ. ಕಿಟಕಿಯಾಚೆ ಆಗಲೇ ತಾಳೆಎಣ್ಣೆ ಮರಗಳ ತೋಟ, ಸಾಲೋ ಸಾಲು.

ಇಳಿಯುವುದಾದರೂ ಎಲ್ಲಿ? ಸೆಪಾಂಗ್‌ನಲ್ಲಿ. 1998ರಲ್ಲಿ ಶುರುವಾದ ದೊಡ್ಡ ನಿಲ್ದಾಣ ಊರಿಂದ 50 ಕಿಲೋಮೀಟರಿಗೂ ಆಚೆ ಇದೆ. (ಬೆಂಗಳೂರಿನವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ.) ಎಕ್ಸ್‌ಪ್ರೆಸ್ ರೈಲಿನಲ್ಲಿ ಊರೊಳಗೆ ಅರ್ಧ ಗಂಟೆ. ಮನೆಯಿಂದ ಹೊರಟದ್ದು, ಎರಡು ಗಂಟೆ ಮುಂಚೆ ಹೋಗಿ ಕೂತದ್ದು, ಪಾಸ್‌ಪೋರ್ಟ್ ಸಾಲು ಎಲ್ಲ ಕೂಡಿಸಿದರೆ ಐದು ಗಂಟೆಗೆ ಮೋಸವಿಲ್ಲ. ಬಸ್ಸಿಗೂ ಐದಾರು ಗಂಟೆಯೇ ಅಲ್ವಾ! ಆದರೆ ಬಸ್ಸಿನಲ್ಲಿ ಗಡಿಯ ಈಚೆ ಒಮ್ಮೆ ಇಳಿಯಬೇಕು, ಆಚೆ ಲಗೇಜಿನ ಸಮೇತ ಮತ್ತೊಮ್ಮೆ. ರಜೆ ದಿನವಾದರೆ ಅಲ್ಲಿನ ಸಾಲು ದೇವರಿಗೇ ಪ್ರೀತಿ. ಎರಡೂ ಊರನ್ನು 90 ನಿಮಿಷದಲ್ಲಿ ಮುಟ್ಟಿಸುವ ಹೈಸ್ಪೀಡ್ ರೈಲಿಗೆ 2016ರಲ್ಲಿ ಒಪ್ಪಂದವಾಗಿತ್ತು. 2020ರ ಕೊನೆಗೆ ಅದೂ ಮುರಿದುಬಿತ್ತು. ನನ್ನ ಕೇಳಿದರೆ, ಈ ದಾರಿಗೆ ಬೇಕಾದದ್ದು ಅದೊಂದೇ.

ಟಿಕೆಟ್ ಓದಿಯೇ ಖುಷಿಪಡಬೇಕೆಂದರೆ ಜಕಾರ್ತಕ್ಕೆ ಹೋಗಬೇಕು. ದೂರ ಸುಮಾರು 880 ಕಿಲೋಮೀಟರ್, ಎರಡು ಗಂಟೆಗೆ ಸ್ವಲ್ಪ ಕಡಿಮೆ. ಸಿಂಗಾಪುರದಲ್ಲಿ 9ಕ್ಕೆ ಹೊರಟರೆ ಜಕಾರ್ತದಲ್ಲಿ ಇಳಿದಾಗ ಇನ್ನೂ 10 ಆಗಿರುವುದಿಲ್ಲ. ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ. ತಮಾಷೆ ಅಂದ್ರೆ ಜಕಾರ್ತ ಇರುವುದು ಸಿಂಗಾಪುರಕ್ಕಿಂತ ಪೂರ್ವಕ್ಕೆ, ನ್ಯಾಯವಾಗಿ ಅದೇ ಮುಂದಿರಬೇಕಿತ್ತು. ಆದರೆ 1982ರಲ್ಲಿ ಮಲೇಷ್ಯಾ, ಪೂರ್ವಕ್ಕೆ ಬೋರ್ನಿಯೋ ದ್ವೀಪದಲ್ಲಿರುವ ತನ್ನ ಸಬಾ, ಸರವಾಕ್ ರಾಜ್ಯಗಳ ಹೊತ್ತಿಗೆ ಹೊಂದಿಸಲು, ಕೌಲಾಲಂಪುರ ಇರುವ ಪರ್ಯಾಯದ್ವೀಪದ ಗಡಿಯಾರವನ್ನು, ಅದಾಗಲೇ ಜಕಾರ್ತಕ್ಕಿಂತ ಅರ್ಧ ಗಂಟೆ ಮುಂದಿದ್ದದ್ದನ್ನು, ಇನ್ನೂ ಅರ್ಧ ಗಂಟೆ ಮುಂದಕ್ಕೆ ತಿರುಗಿಸಿತು. ಸಿಂಗಾಪುರವೂ ಹಿಂದೆಯೇ ತಿರುಗಿಸಿತು. ಹೋಗುವಾಗ ಸಿಕ್ಕ ಆ ಒಂದು ಗಂಟೆಯನ್ನು ಬರುವಾಗ ಕಕ್ಕಬೇಕು. ಜಕಾರ್ತದಲ್ಲಿ 9ಕ್ಕೆ ಹತ್ತಿದರೆ ಸಿಂಗಾಪುರದಲ್ಲಿ ಮಧ್ಯಾಹ್ನದ ಊಟದ ಹೊತ್ತು. ಪುಣ್ಯಕ್ಕೆ ಬಡ್ಡಿ ಕೇಳುವುದಿಲ್ಲ.